ಕುಸುಮ ರೋಗದ ಮಗುವಿನ ಹಲ್ಲಿಗೆ ಪೆಟ್ಟಾದಾಗ: ಮೊದಲ ಹತ್ತು ನಿಮಿಷದಿಂದ ಏಳನೆಯ ದಿನದವರೆಗೆ

ಜೂನ್ ಬಂತೆಂದರೆ ನಮ್ಮ ಕರಾವಳಿಯಲ್ಲಿ ಶಾಲೆ ಮತ್ತು ಮಳೆ ಒಟ್ಟಿಗೇ ಶುರುವಾಗುತ್ತವೆ. ಮುರಕಲ್ಲಿನ ಮೆಟ್ಟಿಲುಗಳಿಗೆ ಪಾಚಿ ಹಿಡಿಯುತ್ತದೆ, ರೆಡ್ ಆಕ್ಸೈಡ್ ಹಾಕಿದ ಜಗಲಿ ಒದ್ದೆಯಾಗಿ ಜಾರುತ್ತದೆ, ಮಕ್ಕಳು ಮುಖ ಅಡಿಯಾಗಿ ಬೀಳುತ್ತಾರೆ. ಮಂಗಳೂರಿನಲ್ಲಿ ಮಕ್ಕಳ ದಂತವೈದ್ಯೆಯಾಗಿ ಕೆಲಸ ಮಾಡುವ ನನಗೆ ಆ ತಿಂಗಳುಗಳಲ್ಲಿ ಒಡೆದ ತುಟಿ, ಅಲ್ಲಾಡುವ ಹಲ್ಲು ದಿನನಿತ್ಯದ ಸಂಗತಿ. ಅವುಗಳ ನಡುವೆ ಒಂದು ಮಗುವಿನ ನೆನಪು ಮಾತ್ರ ಇಂದಿಗೂ ಹಾಗೆಯೇ ಇದೆ.

ಮೂರು ವರ್ಷದ ಹುಡುಗ, ಬೆಳ್ತಂಗಡಿ ಕಡೆಯವನು. ಸಂಜೆ ಮೆಟ್ಟಿಲ ಮೇಲೆ ಬಿದ್ದು ಮೇಲ್ದುಟಿಯನ್ನು ವಸಡಿಗೆ ಕಟ್ಟಿಹಿಡಿಯುವ ತೆಳು ಪೊರೆ ಹರಿದಿತ್ತು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ರಕ್ತ ನಿಂತಿತೆಂದು ಮನೆಗೆ ಕಳುಹಿಸಿದ್ದರು. ಮರುದಿನ ಬೆಳಿಗ್ಗೆ ಆ ಮಗುವನ್ನು ನನ್ನ ಮುಂದೆ ಕೂರಿಸಿದಾಗ ಅವನ ತುಟಿಯಡಿಯಿಂದ ಕಪ್ಪುಗೆಂಪು ಬಣ್ಣದ, ಹಸಿ ಪಿತ್ತಜನಕಾಂಗದ ತುಂಡಿನಂತಹ ಒಂದು ಮುದ್ದೆ ಜೋತಾಡುತ್ತಿತ್ತು. ಅದರ ಪಕ್ಕದಿಂದ ತೆಳುವಾಗಿ, ನಿಲ್ಲದೆ ರಕ್ತ ಜಿನುಗುತ್ತಿತ್ತು. "ಡಾಕ್ಟರೇ, ಮಲಗುವಾಗ ನಿಂತಿತ್ತು. ಎದ್ದು ನೋಡಿದರೆ ದಿಂಬೆಲ್ಲ ಕೆಂಪು" ಎಂದರು ತಾಯಿ. ದಾರಿಯಲ್ಲಿ ಅವನು ಎರಡು ಬಾರಿ ಕಪ್ಪಗೆ ವಾಂತಿ ಮಾಡಿದ್ದ. ರಾತ್ರಿಯಿಡೀ ನುಂಗಿದ ರಕ್ತ ಅದು. ಪರೀಕ್ಷೆಯಲ್ಲಿ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಲ್ಲಿ ಒಂದಾದ ಫ್ಯಾಕ್ಟರ್ 8 ಶೇಕಡಾ 1ಕ್ಕಿಂತ ಕಡಿಮೆ ಎಂದು ಬಂತು. ಆ ಮನೆಯಲ್ಲಿ ಅದುವರೆಗೆ ಯಾರಿಗೂ ಕುಸುಮ ರೋಗ, ಅಂದರೆ ಹಿಮೋಫಿಲಿಯಾ ಇರಲಿಲ್ಲ. ಮೂರರಲ್ಲಿ ಒಂದು ಪ್ರಕರಣದಲ್ಲಿ ಹೀಗೆಯೇ, ಕುಟುಂಬದಲ್ಲಿ ಯಾವ ಸುಳಿವೂ ಇಲ್ಲದೆ ರೋಗ ಹೊಸದಾಗಿ ಕಾಣಿಸಿಕೊಳ್ಳುತ್ತದೆ.

ಈ ಬರಹದಲ್ಲಿ ನಾನು ಮತ್ತೆ ಮತ್ತೆ ಹೇಳುವ ಮಾತು ಒಂದೇ: ಬಾಯಿಯಲ್ಲಿ ರಕ್ತ ನಿಂತರೆ ಕೆಲಸ ಅರ್ಧ ಮುಗಿದಂತೆ ಮಾತ್ರ. ಉಳಿದರ್ಧ ನಂತರದ ಒಂದು ವಾರದಲ್ಲಿದೆ.

ಬಾಯಿ ಏಕೆ ಬೇರೆ

ಹಿಮೋಫಿಲಿಯಾದಲ್ಲಿ ರಕ್ತ ವೇಗವಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ಫ್ಯಾಕ್ಟರ್ 8 ಕಡಿಮೆ ಇದ್ದರೆ ಹಿಮೋಫಿಲಿಯಾ ಎ, ಫ್ಯಾಕ್ಟರ್ 9 ಕಡಿಮೆ ಇದ್ದರೆ ಬಿ. ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5ರವರೆಗೆ ಮಧ್ಯಮ, 5ರಿಂದ 40ರವರೆಗೆ ಸೌಮ್ಯ. ಇದು ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸುತ್ತದೆ. ರಕ್ತಸ್ರಾವದ ಇನ್ನೊಂದು ಕಾಯಿಲೆಯಾದ ವಾನ್ ವಿಲ್ಲೆಬ್ರಾಂಡ್ ಹಾಗಲ್ಲ, ಹೆಣ್ಣುಮಕ್ಕಳಿಗೂ ಅಷ್ಟೇ ಬರುತ್ತದೆ. ಮೂಗು ಮತ್ತು ವಸಡಿನ ರಕ್ತಸ್ರಾವವೇ ಅದರ ಮುಖ್ಯ ಗುರುತು. ರಕ್ತಸಂಬಂಧದಲ್ಲಿ ಮದುವೆಯಾದ ಕುಟುಂಬಗಳಲ್ಲಿ ಗ್ಲಾನ್ಜ್‌ಮನ್‌ನಂತಹ, ಹೆಪ್ಪು ಕಟ್ಟಲು ನೆರವಾಗುವ ರಕ್ತಕಣಗಳಾದ ಪ್ಲೇಟ್ಲೆಟ್‌ಗಳ ದೋಷಗಳೂ ಕಾಣಿಸುತ್ತವೆ. ಅಲ್ಲಿ ಪ್ಲೇಟ್ಲೆಟ್ ಎಣಿಕೆ ಸರಿಯಾಗಿಯೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಇದರ ಜೊತೆಗೆ ಜೊಲ್ಲಿನ ಕಾಟವೂ ಇದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಗುಣ ಜೊಲ್ಲಿಗೆ ಇದೆ. ಕೈಗೆ ಆದ ಗಾಯದ ಹೆಪ್ಪು ಒಣಗಿ ಗಟ್ಟಿಯಾಗುತ್ತದೆ. ಬಾಯಿಯಲ್ಲಿ ಅದು ಒದ್ದೆಯಲ್ಲೇ ಮುಳುಗಿರುತ್ತದೆ, ನಾಲಿಗೆ ಅದನ್ನು ತಡವುತ್ತಿರುತ್ತದೆ, ಊಟ ಅದನ್ನು ಕೀಳುತ್ತದೆ. ಮೊದಲೇ ಬಲಹೀನವಾದ ಹೆಪ್ಪು ರಾತ್ರಿ ನಿದ್ದೆಯಲ್ಲೋ ಮೂರನೆಯ ದಿನವೋ ಕಳಚಿಬಿಡುತ್ತದೆ.

ಮೊದಲ ಹತ್ತು ನಿಮಿಷ

ಮಗುವನ್ನು ಮಲಗಿಸಬೇಡಿ. ಮಡಿಲಲ್ಲಿ ಕೂರಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ರಕ್ತ ಹೊರಗೆ ಬರಲಿ, ಹೊಟ್ಟೆಗೆ ಹೋಗುವುದು ಬೇಡ. ಎಷ್ಟು ಹೋಯಿತು ಎಂಬ ಅಂದಾಜೂ ಆಗ ಸಿಗುತ್ತದೆ.

ತಣ್ಣೀರಿನಲ್ಲಿ ಒಮ್ಮೆ ಮೆಲ್ಲಗೆ ಬಾಯಿ ತೊಳೆದು ರಕ್ತ ಎಲ್ಲಿಂದ ಬರುತ್ತಿದೆ ಎಂದು ನೋಡಿ. ಹಲ್ಲುಗಳನ್ನು ಎಣಿಸಿ. ಒಂದು ಕಡಿಮೆ ಇದ್ದರೆ ಅದು ನೆಲದ ಮೇಲಿರಬಹುದು, ಹೊಟ್ಟೆಗೆ ಹೋಗಿರಬಹುದು, ಪೆಟ್ಟಿಗೆ ವಸಡಿನೊಳಗೆ ಹೂತುಹೋಗಿರಬಹುದು. ಮಗು ಕೆಮ್ಮುತ್ತಿದ್ದರೆ, ಉಸಿರಿನಲ್ಲಿ ಸದ್ದು ಬರುತ್ತಿದ್ದರೆ ಶ್ವಾಸನಾಳಕ್ಕೆ ಹೋಗಿದೆ ಎಂದೇ ತಿಳಿದು 108ಕ್ಕೆ ಕರೆ ಮಾಡಿ.

ಆಮೇಲೆ ಒತ್ತಬೇಕು. ಶುದ್ಧ ಗಾಜ್ ಬಟ್ಟೆ ಅಥವಾ ಒಗೆದ ಹತ್ತಿಯ ಕರವಸ್ತ್ರವನ್ನು ಒದ್ದೆ ಮಾಡಿ ಮಡಚಿ ಗಾಯದ ಮೇಲಿಡಿ. ಒಣ ಬಟ್ಟೆ ಹೆಪ್ಪಿಗೆ ಅಂಟಿಕೊಂಡು, ತೆಗೆಯುವಾಗ ಅದನ್ನೂ ಕಿತ್ತುಕೊಂಡು ಬರುತ್ತದೆ. ಗಡಿಯಾರ ನೋಡಿ ಹತ್ತು ನಿಮಿಷ ಒತ್ತಿಹಿಡಿಯಿರಿ. ನಡುವೆ ಎತ್ತಿ ನೋಡಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಪ್ರತಿ ಬಾರಿ ಎತ್ತಿದಾಗಲೂ ಲೆಕ್ಕ ಸೊನ್ನೆಯಿಂದ ಶುರು. ತುಟಿಯ ಒಳಪೊರೆ ಹರಿದಿದ್ದರೆ ತುಟಿಯನ್ನು ಮೇಲೆತ್ತಿ ನೋಡಬೇಡಿ, ಹೊರಗಿನಿಂದಲೇ ತುಟಿಯನ್ನು ಹಲ್ಲಿನ ಕಡೆಗೆ ಒತ್ತಿ. ನಾಲಿಗೆ ಕಚ್ಚಿಕೊಂಡಿದ್ದರೆ ಗಾಜ್ ಸುತ್ತಿದ ಎರಡು ಬೆರಳುಗಳ ನಡುವೆ ಮೇಲಿನಿಂದಲೂ ಕೆಳಗಿನಿಂದಲೂ ಹಿಡಿಯಿರಿ. ಹೊರಗಡೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಸ್ವಲ್ಪ ದೊಡ್ಡ ಮಗುವಾದರೆ ಐಸ್ ಕ್ಯಾಂಡಿ ಚೀಪಲು ಕೊಡಿ. ತಂಪೂ ಆಗುತ್ತದೆ, ಅಳುವೂ ನಿಲ್ಲುತ್ತದೆ. ಅಳು ನಿಲ್ಲುವುದು ಸಣ್ಣ ಸಂಗತಿಯಲ್ಲ, ಅತ್ತಷ್ಟೂ ಗಾಯ ಬಿರಿಯುತ್ತದೆ.

ಅರಿಶಿನ, ಕಾಫಿಪುಡಿ ತುಂಬಬೇಡಿ. ಅಜ್ಜಿಯಂದಿರ ಕಳಕಳಿ ನನಗೆ ಅರ್ಥವಾಗುತ್ತದೆ, ಅವರ ಕೈಯಲ್ಲಿ ಬೆಳೆದವಳು ನಾನೂ ಹೌದು. ಆದರೆ ಆ ಪುಡಿಯನ್ನು ತೊಳೆದು ತೆಗೆಯುವಾಗ ಕಟ್ಟಿದ್ದ ಹೆಪ್ಪೂ ಹೋಗುತ್ತದೆ, ಗಾಯದ ಅಂಚು ಕಾಣುವುದೂ ಇಲ್ಲ.

ಮನೆಯಲ್ಲಿ, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಇದ್ದರೆ ಅದಕ್ಕೆ ಇಲ್ಲಿ ಒಳ್ಳೆಯ ಉಪಯೋಗವಿದೆ. 500 ಮಿಲಿಗ್ರಾಂನ ಒಂದು ಮಾತ್ರೆಯನ್ನು ಪುಡಿಮಾಡಿ 10 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕಲಕಿ. ಅದು ಶೇಕಡಾ 5ರ ದ್ರಾವಣ. ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ ಒತ್ತಿ. ಉಗುಳಲು ಬಾರದ ಎಳೆಯ ಮಗುವಿಗೆ ಬಾಯಿ ಮುಕ್ಕಳಿಸುವ ಔಷಧಿಗಿಂತ ಇದೇ ಸೂಕ್ತ.

ಫ್ಯಾಕ್ಟರ್ ಮೊದಲು, ಹಲ್ಲು ಆಮೇಲೆ

ಒಬ್ಬರು ಒತ್ತಿಹಿಡಿದಿರುವಾಗಲೇ ಇನ್ನೊಬ್ಬರು ಫೋನ್ ಮಾಡಬೇಕು, ಮೊದಲು ರಕ್ತರೋಗ ತಜ್ಞರಿಗೆ ಅಥವಾ ಫ್ಯಾಕ್ಟರ್ ಕೊಡುವ ಆಸ್ಪತ್ರೆಗೆ. ನಮ್ಮ ರಾಜ್ಯದಲ್ಲಿ ಜಿಲ್ಲಾ ಆಸ್ಪತ್ರೆಗಳ ಮೂಲಕ ಫ್ಯಾಕ್ಟರ್ ಉಚಿತವಾಗಿ ಸಿಗುತ್ತದೆ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಆಸ್ಪತ್ರೆ. ಹೊರಡುವ ಮುನ್ನ ಕೇಳಿ: ಯಾವ ಫ್ಯಾಕ್ಟರ್ ಇದೆ, ಎಷ್ಟು ಯೂನಿಟ್ ಇದೆ, ಈ ಹೊತ್ತಿನಲ್ಲಿ ಕೊಡುವವರು ಇದ್ದಾರೆಯೇ? ಸುಬ್ರಹ್ಮಣ್ಯದಿಂದಲೋ ಬೈಂದೂರಿನಿಂದಲೋ ಇಷ್ಟು ದೂರ ಬಂದು "ಇಲ್ಲ" ಎನ್ನಿಸಿಕೊಳ್ಳುವ ಪಾಡು ಯಾರಿಗೂ ಬೇಡ. ಹಲ್ಲಿಗೂ ಪೆಟ್ಟಾಗಿದ್ದರೆ ವೈದ್ಯಕೀಯ ಮತ್ತು ದಂತ ವಿಭಾಗಗಳೆರಡೂ ಹತ್ತಿರ ಇರುವ ಕಡೆ ಹೋಗುವುದು ಜಾಣತನ. ಮಣಿಪಾಲದಲ್ಲಿ, ದೇರಳಕಟ್ಟೆಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ.

ಹಲ್ಲು ಮುರಿಯುವಷ್ಟು ಪೆಟ್ಟು ಬಿದ್ದಿದೆ ಎಂದರೆ ತಲೆಗೂ ತಗುಲಿರಬಹುದು. ತಲೆನೋವು, ವಾಂತಿ, ಮಂಪರು, ಹೆಜ್ಜೆ ತಪ್ಪುವುದು, ಏನೂ ಕಾರಣವಿಲ್ಲದೆ ಕಿರಿಕಿರಿ, ಇವುಗಳಲ್ಲಿ ಒಂದು ಕಂಡರೂ ಮೊದಲು ಫ್ಯಾಕ್ಟರ್ ಕೊಡಬೇಕು, ನಂತರ ಸಿಟಿ ಸ್ಕ್ಯಾನ್. ಸ್ಕ್ಯಾನ್ ವರದಿಗೆ ಕಾಯುತ್ತಾ ಫ್ಯಾಕ್ಟರ್ ತಡಮಾಡಬಾರದು. ಅಷ್ಟೇ ತುರ್ತಿನದು ನಾಲಿಗೆಯ ಅಡಿ ಅಥವಾ ಗದ್ದದ ಕೆಳಗಿನ ಊತ. ಮಗುವಿನ ದನಿ ಬದಲಾಗಿ, ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ ಒಳಗೆ ರಕ್ತ ತುಂಬಿ ಉಸಿರುದಾರಿಯನ್ನು ಅಮುಕುತ್ತಿದೆ ಎಂದರ್ಥ. ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ಇದು ಜೀವಕ್ಕೆ ಅಪಾಯ.

ಪ್ರಮಾಣವನ್ನು ತಜ್ಞರು ನಿರ್ಧರಿಸುತ್ತಾರೆ, ಆದರೆ ಅದರ ಲೆಕ್ಕ ಪೋಷಕರಿಗೆ ಗೊತ್ತಿರುವುದು ಒಳ್ಳೆಯದು. ದೇಹತೂಕದ ಪ್ರತಿ ಕಿಲೋಗೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿನ ಮಟ್ಟ ಸುಮಾರು ಶೇಕಡಾ 2ರಷ್ಟು ಏರುತ್ತದೆ. ಫ್ಯಾಕ್ಟರ್ 9 ಆದರೆ ಸುಮಾರು ಶೇಕಡಾ 1. 20 ಕಿಲೋ ತೂಕದ, ತೀವ್ರ ಹಿಮೋಫಿಲಿಯಾ ಎ ಇರುವ ಹುಡುಗನ ಮಟ್ಟವನ್ನು ಶೇಕಡಾ 40ಕ್ಕೆ ತರಲು 400 ಯೂನಿಟ್ ಬೇಕು. ಬಾಟಲಿ 500ರದ್ದಿದ್ದರೆ ಉಳಿದದ್ದನ್ನು ಚೆಲ್ಲದೆ ಪೂರ್ತಿ ಕೊಡುವುದೇ ರೂಢಿ.

ಫ್ಯಾಕ್ಟರ್ ಸಿಗದೆ, ದಾನಿಗಳ ಪ್ಲಾಸ್ಮಾದಿಂದ ತೆಗೆದ ಕ್ರಯೋಪ್ರೆಸಿಪಿಟೇಟ್ ಕೊಡುವ ಸಂದರ್ಭ ಬಂದರೆ ಒಂದು ನೆನಪಿರಲಿ: ಅದರಲ್ಲಿ ಫ್ಯಾಕ್ಟರ್ 8 ಮತ್ತು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಇವೆ, ಫ್ಯಾಕ್ಟರ್ 9 ಇಲ್ಲ. ಹಿಮೋಫಿಲಿಯಾ ಬಿ ಮಗುವಿಗೆ ಅದು ನಿರುಪಯೋಗ. ಬೇರೇನೂ ಇಲ್ಲದಿದ್ದರೆ ಪ್ಲಾಸ್ಮಾ ಕೊಡಬೇಕಾಗುತ್ತದೆ. ಮಗುವಿಗೆ ಇನ್ಹಿಬಿಟರ್ ಇದ್ದರೆ, ಅಂದರೆ ಕೊಟ್ಟ ಫ್ಯಾಕ್ಟರನ್ನು ದೇಹವೇ ನಿಷ್ಕ್ರಿಯಗೊಳಿಸುತ್ತಿದ್ದರೆ, ಅದನ್ನು ಬಾಗಿಲಲ್ಲೇ ಹೇಳಿ. ಫ್ಯಾಕ್ಟರ್ 8ರ ಬದಲು ಕೆಲಸ ಮಾಡುವ ಎಮಿಸಿಜುಮಾಬ್ ಚುಚ್ಚುಮದ್ದಿನಲ್ಲಿರುವ ಮಕ್ಕಳ ವಿಷಯವೂ ಹಾಗೆಯೇ. ಅವರಲ್ಲಿ ರಕ್ತ ಹೆಪ್ಪುಗಟ್ಟುವ ಸಮಯವನ್ನು ಅಳೆಯುವ ಎಪಿಟಿಟಿ ಪರೀಕ್ಷೆ ಸಹಜವೆಂದು ಬರುತ್ತದೆ, ಅದನ್ನು ನಂಬಿ "ರಕ್ತ ಸರಿಯಿದೆ" ಎನ್ನುವಂತಿಲ್ಲ. ಇನ್ಹಿಬಿಟರ್ ಇದ್ದಾಗ ಫ್ಯಾಕ್ಟರ್ ಬದಲಿಗೆ ಬಳಸುವ ಕೆಲವು ಬೈಪಾಸ್ ಔಷಧಿಗಳನ್ನು ಎಮಿಸಿಜುಮಾಬ್ ಜೊತೆ ಕೊಟ್ಟರೆ ರಕ್ತನಾಳದಲ್ಲೇ ಹೆಪ್ಪು ಕಟ್ಟುವ ಅಪಾಯವಿದೆ.

ಸೌಮ್ಯ ಹಿಮೋಫಿಲಿಯಾ ಎ ಮತ್ತು ಮೊದಲ ಬಗೆಯ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಲ್ಲಿ ಎಷ್ಟೋ ಬಾರಿ, ದೇಹದಲ್ಲೇ ಇರುವ ಫ್ಯಾಕ್ಟರನ್ನು ರಕ್ತಕ್ಕೆ ಬಿಡಿಸುವ ಡೆಸ್ಮೋಪ್ರೆಸಿನ್ ಔಷಧಿ ಸಾಕಾಗುತ್ತದೆ. ಮೊದಲೇ ಪರೀಕ್ಷಿಸಿ ನೋಡಿದ್ದರೆ ಮಾತ್ರ.

ಹಲ್ಲಿನ ವಿಷಯ

ಫ್ಯಾಕ್ಟರ್ ಮೊದಲು ಎಂದೆನಲ್ಲ, ಅದಕ್ಕೆ ಒಂದೇ ಒಂದು ಅಪವಾದವಿದೆ: ಬೇರುಸಹಿತ ಹೊರಬಿದ್ದ ಶಾಶ್ವತ ಹಲ್ಲು. ಅದರ ಬೇರಿನ ಮೇಲಿನ ಜೀವಕೋಶಗಳು ಒಣಗಿದ ಸ್ಥಿತಿಯಲ್ಲಿ ಒಂದು ತಾಸು ಕಳೆದರೆ ಬಹುತೇಕ ಸತ್ತುಹೋಗುತ್ತವೆ. ಮೇಲಿನ ಮುಂದಿನ ಶಾಶ್ವತ ಹಲ್ಲುಗಳು ಬರುವುದು ಏಳು-ಎಂಟು ವರ್ಷಕ್ಕೆ. ಆದ್ದರಿಂದ ಆ ವಯಸ್ಸು ದಾಟಿದ ಮಗುವಿನ ಬಾಚಿಹಲ್ಲು ಬಿದ್ದರೆ ಬೆಳ್ಳಗಿನ ತಲೆಭಾಗವನ್ನು ಮಾತ್ರ ಹಿಡಿದು ಎತ್ತಿ, ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನ್‌ನಲ್ಲೋ ಒಮ್ಮೆ ಅದ್ದಿ ತೆಗೆಯಿರಿ. ಎರಡೂ ಇಲ್ಲದಿದ್ದರೆ ನಲ್ಲಿಯಡಿ ಕ್ಷಣಕಾಲ ಹಿಡಿಯಿರಿ. ಮಗು ಸಹಕರಿಸಿದರೆ ಅದರ ಜಾಗಕ್ಕೇ ಕೂರಿಸಿ, ಮಡಚಿದ ಬಟ್ಟೆಯನ್ನು ಕಚ್ಚಿಸಿ. ಗುಳಿಗೆ ಅದೇ ಬಿರಡೆಯಂತಾಗುತ್ತದೆ, ರಕ್ತಕ್ಕೂ ತಡೆ. ಆಗದಿದ್ದರೆ ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಹೊರಡಿ. ನೀರಿನಲ್ಲಿಟ್ಟು ತರಬೇಡಿ, ಕಾಗದದಲ್ಲಿ ಸುತ್ತಬೇಡಿ. ರಕ್ತಸ್ರಾವದ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಹಲ್ಲನ್ನು ಮರಳಿ ಕೂರಿಸಲು ಒಪ್ಪದ ದಂತವೈದ್ಯರನ್ನು ನಾನು ನೋಡಿದ್ದೇನೆ. ಫ್ಯಾಕ್ಟರ್ ರಕ್ಷಣೆ ಇದ್ದರೆ ಅದನ್ನು ನಿಶ್ಚಿಂತೆಯಿಂದ ಮಾಡಬಹುದು. ಎರಡು ವಾರ ತೆಳು ತಂತಿಯಿಂದ ಅಕ್ಕಪಕ್ಕದ ಹಲ್ಲುಗಳಿಗೆ ಸಡಿಲವಾಗಿ ಬಂಧಿಸುತ್ತೇವೆ, ತಂತಿ ಮತ್ತು ಅಂಟು ವಸಡಿಗೆ ತಾಗದಂತೆ.

ಹಾಲುಹಲ್ಲು ಹೊರಬಿದ್ದರೆ ಮರಳಿ ಕೂರಿಸಬಾರದು, ಅಡಿಯಲ್ಲಿ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ. ವಸಡಿನೊಳಗೆ ಹೂತುಹೋದ ಹಾಲುಹಲ್ಲನ್ನೂ ಕೆದಕಬೇಡಿ. ಹೆಚ್ಚಿನವು ಆರು ತಿಂಗಳಿಂದ ಒಂದು ವರ್ಷದೊಳಗೆ ತಾವಾಗಿಯೇ ಇಳಿದು ಬರುತ್ತವೆ. ತುಂಬ ಸಡಿಲವಾಗಿ, ಉಸಿರುದಾರಿಗೆ ಜಾರುವ ಭಯವಿದ್ದರೆ ಮಾತ್ರ ಫ್ಯಾಕ್ಟರ್ ಕೊಟ್ಟು ತೆಗೆಯುತ್ತೇವೆ.

ಹಲ್ಲು ತುಂಡಾಗಿದ್ದರೆ ಆ ಚೂರನ್ನು ನೀರಿನಲ್ಲಿ ಹಾಕಿ ತನ್ನಿ, ಬಹಳ ಸಲ ಅದನ್ನೇ ಅಂಟಿಸಬಹುದು. ಒಳಗಿನ ಕೆಂಪು ತಿರುಳು ಕಾಣುತ್ತಿದ್ದರೆ ಅದನ್ನು ಉಳಿಸುವ ಚಿಕಿತ್ಸೆ ಇದೆ, ಮೂಲನಾಳ ಚಿಕಿತ್ಸೆಯೂ ಇದೆ. ಈ ಮಕ್ಕಳಲ್ಲಿ ಹಲ್ಲು ಕೀಳುವುದು ಕೊನೆಯ ದಾರಿಯಾಗಿರಬೇಕು.

ಚಿಕಿತ್ಸೆ ಮಾಡುವ ನನ್ನ ಸಹೋದ್ಯೋಗಿಗಳಿಗೆ ನಾಲ್ಕು ಮಾತು. ಕೆಳದವಡೆಯ ನರ ಮರಗಟ್ಟಿಸುವ ಚುಚ್ಚುಮದ್ದನ್ನು ಫ್ಯಾಕ್ಟರ್ ಇಲ್ಲದೆ ಕೊಡಬೇಡಿ, ಆಳದಲ್ಲಿ ರಕ್ತ ಸೋರಿ ಗಂಟಲಿನತ್ತ ಹರಡಬಹುದು. ಹಲ್ಲಿನ ಪಕ್ಕದಲ್ಲೇ ಕೊಡುವ ವಿಧಾನಗಳಲ್ಲಿ ಆ ಅಪಾಯ ಬಹಳ ಕಡಿಮೆ. ಆ ಬೆಳ್ತಂಗಡಿಯ ಮಗುವಿನ ಬಾಯಿಯಲ್ಲಿ ಕಂಡಂತಹ ಮುದ್ದೆಯನ್ನು ಹೆಪ್ಪೆಂದು ಕಾಪಾಡಬೇಡಿ. ಅದು ಗಾಯವನ್ನು ಮುಚ್ಚುವುದಿಲ್ಲ, ಅದರಡಿಯಲ್ಲಿ ಸೋರಿಕೆ ಸಾಗುತ್ತಲೇ ಇರುತ್ತದೆ. ಫ್ಯಾಕ್ಟರ್ ಕೊಟ್ಟ ಮೇಲೆ ಅದನ್ನು ಸಕ್ಷನ್‌ನಿಂದ ತೆಗೆದು, ಟ್ರಾನೆಕ್ಸಾಮಿಕ್ ದ್ರಾವಣದಲ್ಲಿ ಅದ್ದಿದ ಗಾಜ್‌ನಿಂದ ಹೊಸದಾಗಿ ಒತ್ತಿ. ಗುಳಿಯಲ್ಲಿ ಆಕ್ಸಿಡೈಸ್ಡ್ ಸೆಲ್ಯುಲೋಸ್ ಅಥವಾ ಜಿಲಾಟಿನ್ ಸ್ಪಂಜು ಇಟ್ಟು ಕರಗುವ ದಾರದಿಂದ ಹೊಲಿಯಿರಿ. ಟೆಟನಸ್ ಲಸಿಕೆ ಬೇಕಾದರೆ ಸಣ್ಣ ಸೂಜಿಯಿಂದ ಚರ್ಮದಡಿ ಅಥವಾ ಫ್ಯಾಕ್ಟರ್ ಕೊಟ್ಟ ಮೇಲೆ ಕೊಟ್ಟು, ಹತ್ತು ನಿಮಿಷ ಒತ್ತಿಹಿಡಿಯಿರಿ.

ನೋವಿಗೆ ಏನು

ಪ್ಯಾರಾಸಿಟಮಾಲ್ ಮಾತ್ರ. ಕಿಲೋಗೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚಿಲ್ಲ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಮ್ಲ ಇವೆಲ್ಲ ಪ್ಲೇಟ್ಲೆಟ್ ಕೆಲಸವನ್ನು ಕೆಡಿಸುತ್ತವೆ. ಜ್ವರಕ್ಕೆಂದು ಕೊಟ್ಟು ಮನೆಯ ಫ್ರಿಜ್‌ನಲ್ಲಿ ಅರ್ಧ ಉಳಿದಿರುವ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಇವುಗಳಲ್ಲೊಂದು ಬೆರೆತಿರುವುದು ಸಾಮಾನ್ಯ. ಹೆಸರು ಓದಿಯೇ ಕೊಡಿ. ಸೊಂಟಕ್ಕೆ, ತೊಡೆಗೆ ನೋವಿನ ಇಂಜೆಕ್ಷನ್ ಬೇಡವೇ ಬೇಡ.

ನಿಂತ ಮೇಲಿನ ಏಳು ದಿನ

ಇಲ್ಲಿ ನಿಮ್ಮ ಎಚ್ಚರಿಕೆಯೇ ಔಷಧಿ. ಟ್ರಾನೆಕ್ಸಾಮಿಕ್ ಆಮ್ಲ ಜೊಲ್ಲಿನ ಹೆಪ್ಪು ಕರಗಿಸುವ ಕೆಲಸವನ್ನು ತಡೆಯುತ್ತದೆ. ಪ್ರತಿ ಬಾರಿ ಕಿಲೋಗೆ 15ರಿಂದ 25 ಮಿಲಿಗ್ರಾಂನಂತೆ ದಿನಕ್ಕೆ ಮೂರು ಬಾರಿ ಎಂಬುದು ಸಾಮಾನ್ಯ ಲೆಕ್ಕ. 20 ಕಿಲೋ ಮಗುವಿಗೆ ಹೆಚ್ಚೆಂದರೆ 500ರ ಒಂದು ಮಾತ್ರೆ. ರಕ್ತ ನಿಂತಿದೆ ಎಂದು ಎರಡನೆಯ ದಿನವೇ ಬಿಡುತ್ತಾರೆ, ಮೂರನೆಯ ರಾತ್ರಿ ಮತ್ತೆ ದಿಂಬು ಕೆಂಪಾಗುತ್ತದೆ. ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಐದರಿಂದ ಏಳು ದಿನ, ಒಂದು ಹೊತ್ತೂ ತಪ್ಪಿಸದೆ ಕೊಡಿ. ಮೂತ್ರದಲ್ಲಿ ರಕ್ತ ಬರುತ್ತಿದ್ದರೆ ಮಾತ್ರ ಇದನ್ನು ಕೊಡಬಾರದು, ಕೂಡಲೇ ತಿಳಿಸಿ.

ಊಟ ತಣ್ಣಗೆ, ಮೆತ್ತಗೆ. ಆರಿದ ಗಂಜಿ, ಮೊಸರನ್ನ, ರಾಗಿ ಮಣ್ಣಿ, ಆರಿದ ನೀರುದೋಸೆ ಎಲ್ಲವೂ ಸರಿ. ಕೋರಿ ರೊಟ್ಟಿ, ಚಕ್ಕುಲಿ, ಹಪ್ಪಳ, ಮುಳ್ಳಿರುವ ಮೀನು ಒಂದು ವಾರ ಬೇಡ. ಗಂಜಿಗೆ ಉಪ್ಪಿನಕಾಯಿಯೂ ಬೇಡ. ಬೊಂಡದ ನೀರು ಕೊಡಿ, ಆದರೆ ಲೋಟದಲ್ಲಿ. ಸ್ಟ್ರಾದಲ್ಲಿ ಹೀರಿದರೆ ಆ ಸೆಳೆತಕ್ಕೇ ಹೆಪ್ಪು ಕಿತ್ತುಬರುತ್ತದೆ. ಬಾಟಲಿ ಚೀಪುವ ಮಗುವಿಗೆ ಚಮಚದಲ್ಲಿ ಕುಡಿಸಿ. ಜೋರಾಗಿ ಮುಕ್ಕಳಿಸುವುದು, ಉಗುಳುವುದು ಬೇಡ. ಗಾಯದ ಜಾಗ ಬಿಟ್ಟು ಮೆದು ಬ್ರಷ್‌ನಿಂದ ಹಲ್ಲುಜ್ಜಿ, ಗಾಯದ ಮೇಲೆ ಶೇಕಡಾ 0.12ರ ಕ್ಲೋರ್‌ಹೆಕ್ಸಿಡಿನ್ ಅದ್ದಿದ ಹತ್ತಿಯಿಂದ ದಿನಕ್ಕೆರಡು ಬಾರಿ ಮೆಲ್ಲಗೆ ಒರೆಸಿ.

ರಾತ್ರಿ ತಲೆಯನ್ನು ಸ್ವಲ್ಪ ಎತ್ತರಿಸಿ ಮಲಗಿಸಿ, ಬಿಳಿಯ ದಿಂಬಿನ ಹೊದಿಕೆ ಹಾಕಿ. ಗುಲಾಬಿ ಬಣ್ಣದ ಜೊಲ್ಲಿನ ಕಲೆ ಸ್ವಲ್ಪವಿದ್ದರೆ ಗಾಬರಿ ಬೇಡ. ಕೆಂಪು ಕಲೆ, ಬಾಯಿಯಲ್ಲಿ ಮುದ್ದೆ, ಕಪ್ಪು ಮಲ, ಬಿಳಿಚಿದ ಕೆಳರೆಪ್ಪೆ ಕಂಡರೆ ಆ ಹೊತ್ತಿನಲ್ಲೇ ಹೊರಡಿ. ಮರುದಿನ, ಮೂರನೆಯ ದಿನ, ಏಳನೆಯ ದಿನ ಗಾಯವನ್ನು ತೋರಿಸಿ.

ಬೀಳುವ ಮೊದಲೇ ಮಾಡಿಡಬೇಕಾದದ್ದು

ಒಂದು ಡಬ್ಬಿ ಸಿದ್ಧವಿರಲಿ: ಗಾಜ್, ಟ್ರಾನೆಕ್ಸಾಮಿಕ್ ಮಾತ್ರೆ, 10 ಮಿಲಿಲೀಟರ್ ಸಿರಿಂಜು, ಪ್ಯಾರಾಸಿಟಮಾಲ್. ಜೊತೆಗೆ ಒಂದು ಕಾರ್ಡ್, ಅದರಲ್ಲಿ ಕಾಯಿಲೆಯ ಹೆಸರು, ಫ್ಯಾಕ್ಟರ್ ಮಟ್ಟ, ತೂಕ, ರಕ್ತದ ಗುಂಪು, ಇನ್ಹಿಬಿಟರ್ ಇದೆಯೇ ಇಲ್ಲವೇ, ತಜ್ಞರ ಫೋನ್. ತೂಕವನ್ನು ಆರು ತಿಂಗಳಿಗೊಮ್ಮೆ ತಿದ್ದಿ. ಇದರದೇ ಒಂದು ಪ್ರತಿ ಶಾಲೆಯಲ್ಲಿರಲಿ. ತರಗತಿಯ ಟೀಚರಿಗೂ ವ್ಯಾಯಾಮದ ಮಾಸ್ತರರಿಗೂ ಕಾಗದ ಕೊಟ್ಟರಷ್ಟೇ ಸಾಲದು, ಎದುರಿಗೆ ಕೂತು ತುಟಿ ಒತ್ತಿಹಿಡಿಯುವುದು ಹೇಗೆಂದು ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ. ಶಾಲೆ ಈ ಮಗುವಿಗಾಗಿ ತುಸು ಹೆಚ್ಚು ಗಮನ ಕೊಡುವುದು ಉಪಕಾರವಲ್ಲ, ಮಗುವಿನ ಹಕ್ಕು.

ಮಳೆಗಾಲದಲ್ಲಿ ಅಂಗಳಕ್ಕೆ ಮಡಲು ಹಾಸಿ, ಮೆಟ್ಟಿಲಿನ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೆಗೆಯಿರಿ. ಕಬಡ್ಡಿ ಬೇಡ. ಈಜು ಒಳ್ಳೆಯದು. ಸೈಕಲ್‌ಗೆ ಹೆಲ್ಮೆಟ್, ಕ್ರಿಕೆಟ್‌ಗೆ ಹೆಲ್ಮೆಟ್ ಜೊತೆ ದಂತವೈದ್ಯರಲ್ಲಿ ಅಳತೆ ಕೊಟ್ಟು ಮಾಡಿಸಿದ ಮೌತ್‌ಗಾರ್ಡ್. ವಸಡಿನಲ್ಲಿ ರಕ್ತ ಬರುತ್ತದೆ ಎಂದು ಹಲ್ಲುಜ್ಜುವುದನ್ನು ಬಿಡಿಸಬೇಡಿ. ಉಜ್ಜದಿದ್ದರೆ ವಸಡು ಊದಿಕೊಂಡು ಇನ್ನಷ್ಟು ರಕ್ತ ಬರುತ್ತದೆ, ಪೆಟ್ಟು ಬಿದ್ದ ದಿನ ಆ ಊದಿದ ವಸಡನ್ನು ಹಿಡಿತಕ್ಕೆ ತರುವುದು ಕಷ್ಟ.

ಪೆಟ್ಟಾದ ಹಲ್ಲನ್ನು ವಾರ ಕಳೆದ ಮೇಲೂ ಮರೆಯುವಂತಿಲ್ಲ. ಎರಡು ವಾರಕ್ಕೆ ತಂತಿ ಬಿಚ್ಚಿಸುವುದು, ಆಮೇಲೆ ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷಕ್ಕೆ ಎಕ್ಸ್-ರೇ. ನಡುವೆ ಹಲ್ಲು ಬೂದು ಬಣ್ಣಕ್ಕೆ ತಿರುಗಿದರೆ, ಅದರ ಮೇಲಿನ ವಸಡಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಮುಂದಿನ ತಾರೀಕಿಗೆ ಕಾಯಬೇಡಿ. ಬರುವಾಗ ಆ ಕಾರ್ಡನ್ನು ಮಗುವಿನ ಕೈಯಲ್ಲೇ ಕೊಟ್ಟು ಕಳುಹಿಸಿ. ಬೆಳ್ತಂಗಡಿಯ ಆ ಹುಡುಗನಿಗೆ ಈಗ ಒಂಬತ್ತು ವರ್ಷ. ಒಳಗೆ ಬಂದು ಕುರ್ಚಿ ಹತ್ತುವ ಮೊದಲೇ ತನ್ನ ಫ್ಯಾಕ್ಟರ್ ಯಾವುದು, ತೂಕ ಎಷ್ಟು ಎಂದು ತಾನೇ ಹೇಳುತ್ತಾನೆ.